ನೆನೆದಾಗ ಮಾತ್ರ

ಇಪ್ಪತ್ತು ಜ್ಲೋತಿಯ ಕೊಡೆ ಇಪ್ಪತ್ತೇ ನಿಮಿಷಕ್ಕೆ
ಗಾಳಿಗೆ ಮಗುಚಿ ಬಟ್ಟಲಾಯಿತು.
ವ್ರೊತ್ಸ್ವಾಫಿನಲ್ಲಿ ನೋಡಲೆಂದು ಬರೆದುಕೊಂಡಿದ್ದ
ಚರ್ಚು, ಸೇತುವೆ, ಗಡಿಯಾರದ ಗೋಪುರ
ಜೇಬಿನಲ್ಲಿ ಕಲಸಿ ಒಂದೇ ನೀಲಿ ಮುದ್ದೆ.
ಇನ್ನು ಯಾವ ದಿಕ್ಕಾದರೇನು,
ಟ್ರಾಮಿನ ಹಳಿ ಹಿಡಿದು ನದಿಯಾಚೆಯ ಕೇರಿಗೆ ನಡೆದೆ.

ಬೀದಿಯ ಒಂದೊಂದು ಕಲ್ಲೂ
ಈಗಷ್ಟೇ ಉಜ್ಜಿ ಬೋರಲಿಟ್ಟ ಪಾತ್ರೆ.
ಸುರಿಯುವ ಮಳೆಯಲ್ಲ, ನಿಲ್ಲುವುದೂ ಅಲ್ಲ;
ಸಾಲ ಕೇಳಲು ಬಂದವರ ಹಾಗೆ
ವಿಷಯಕ್ಕೆ ಬಾರದೆ ಬಾಗಿಲಲ್ಲೇ ಇರುವ ಮಳೆ.

ಕಮಾನಿನ ಕೆಳಗೆ ಮುದುಡಿ ನಿಂತವಳನ್ನು
ಕೊಡೆಯ ಮುರಿದ ಕಡ್ಡಿ ಹಿಡಿದು ಹೊರಗೆಳೆದರು
ಜೆನೋನ್ ಕುರ್ಪ್ಯೆಲ್. ಎಂಬತ್ತನಾಲ್ಕು.
"ಒಳಗೇಕೆ? ಓದಲು ಇದೇ ಹೊತ್ತು."
ಮುರುಕು ಇಂಗ್ಲಿಷು, ನಡುವೆ ರಷ್ಯನ್,
ಉಳಿದದ್ದೆಲ್ಲ ಬೆರಳು.

ಬೆರಳು ತೋರಿದ ಕಡೆ ಬರೀ ಗೋಡೆ.
ಬೂದು ಗಾರೆ, ಮೂರನೆಯ ಮಹಡಿಯಲ್ಲಿ ಮರೆತ ಅಂಗಿ,
ಯುದ್ಧದ ಗುಂಡು ಕೊರೆದ ಸಿಡುಬಿನ ಕಲೆ.
ತಾಳು, ಎಂದರು. ತಾಳಿದೆ.
ನೀರಿಳಿದು ಗೋಡೆ ಕಪ್ಪಾದಂತೆ
ಒಂದು ಗೀಟು ಎದ್ದಿತು, ಒಂದು ಕೊಂಡಿ, ಅರ್ಧ ಸೊನ್ನೆ,
ಆಮೇಲೆ ಆಳೆತ್ತರದ ಜರ್ಮನ್ ಅಕ್ಷರ:
ಬ್ರೆಡ್ಡು. ಹಾಲು. ಬಣ್ಣ, ವಾರ್ನಿಶ್.
ಕೆಳಗೆ ಅಂಗಡಿಯವನ ಹೆಸರು, ಮೊದಲರ್ಧ.

ಗೋಡೆಗೆ ಕಿವಿಯುಂಟು ಎಂದು ಕಲಿತವಳು ನಾನು.
ಬಾಯಿಯೂ ಉಂಟೆಂದು, ನೆನೆದಾಗಷ್ಟೇ ಅದು ತೆರೆವುದೆಂದು
ಯಾರೂ ಹೇಳಿರಲಿಲ್ಲ.
ನನ್ನ ಸ್ಲೇಟಿನದು ಇದರ ತಿರುಗುಮುರುಗು:
ಒದ್ದೆ ಬಟ್ಟೆಗೆ ಅಳಿದ ತಪ್ಪು ಲೆಕ್ಕ
ಒಣಗಿದ ಮೇಲೆ ಬೆಳ್ಳಗೆ ಮೂಡಿ
ಅಂಗೈಗೆ ಬೆತ್ತ ತರಿಸುತ್ತಿತ್ತು.

"ಇದನ್ನೆಲ್ಲ ಬಳಿದು ಮುಚ್ಚಿದ್ದು ನಮ್ಮಪ್ಪ.
ಬಕೆಟ್ಟು ಹಿಡಿದವನು ನಾನು, ಆರು ವರ್ಷ,
ನಲವತ್ತೇಳನೆಯ ಇಸವಿ.
ಬರೆದವರು ಹೊರಟುಹೋಗಿದ್ದರು.
ಹೊರಡಿಸಿದ್ದರು."
ಎರಡು ಕ್ರಿಯಾಪದಗಳ ನಡುವೆ ಮೂಗು ಒರೆಸಿಕೊಂಡರು.
"ನಾವು ಲ್ವೂಫಿನಿಂದ ಬಂದಿದ್ದೆವು, ದನದ ಬೋಗಿಯಲ್ಲಿ.
ಬಂದಿದ್ದೆವು ಅಂದರೆ..."
ಮತ್ತೆ ಮೂಗು.

ಸಿಕ್ಕ ಮನೆಯಲ್ಲಿ ಒಲೆ ಇತ್ತಂತೆ, ಆರು ತಟ್ಟೆ,
ತಟ್ಟೆಯ ಬೆನ್ನಿಗೆ ಯಾರದೋ ಹೆಸರಿನ ಮೊದಲಕ್ಷರ.
ಅದರಲ್ಲೇ ಉಂಡು ಬೆಳೆದೆ. ಐದು ಉಳಿದಿವೆ.

ಸರ್ಕಾರದ ಸುಣ್ಣಕ್ಕೆ ಅಪ್ಪ ನೀರು ಬೆರೆಸಿದರು,
ಮಿಕ್ಕಿದ್ದರಲ್ಲಿ ನಮ್ಮ ಅಡುಗೆಮನೆ ಬೆಳ್ಳಗಾಯಿತು.
"ಅದಕ್ಕೇ ನೋಡು, ಈ ಬೇಕರಿ
ಎಪ್ಪತ್ತೆಂಟು ವರ್ಷವಾದರೂ ಮಳೆ ಬಂದರೆ ತೆರೆಯುತ್ತದೆ."
ಕಳ್ಳನ ಮಗನ ಹೆಮ್ಮೆಯಿಂದ ನಕ್ಕರು.

ಮೊಣಕಾಲು ಬಾಗದ ಮನುಷ್ಯ ನನಗಿಂತ ಮುಂದೆ.
ಇಲ್ಲಿ ಕಲ್ಲಿದ್ದಲು. ಇಲ್ಲಿ ಟೋಪಿ.
ಇಲ್ಲಿ ಸೂಲಗಿತ್ತಿ, ಅಂಗಳದ ಹಿಂದೆ, ಎರಡನೆಯ ಮಹಡಿ.
ಮಗುವಿನ ಗಾಡಿ ತಳ್ಳುತ್ತ ಬಂದ ಹೆಂಗಸು
"ಮತ್ತೆ ಶುರುವಾಯಿತೇ, ಪಾನ್ ಜೆನೋನ್!" ಎಂದಳು,
ಗಾಡಿ ನಿಲ್ಲಿಸದೆ.

ಒಂದು ತಿರುವಿನಲ್ಲಿ ನಿಂತರು. ಅಲ್ಲೇನೂ ಮೂಡಿರಲಿಲ್ಲ.
"ಲ್ವೂಫಿನಲ್ಲಿ ನಮ್ಮದೂ ಅಂಗಡಿ ಇತ್ತು, ಗುಂಡಿ, ದಾರ, ಲೇಸು.
ಬಾಗಿಲ ಮೇಲೆ ಹಸಿರಿನಲ್ಲಿ ಹೆಸರು.
ಅದನ್ನೂ ಯಾರೋ ಬಳಿದಿರುತ್ತಾರೆ,
ಅವನ ಮಗನೂ ಬಕೆಟ್ಟು ಹಿಡಿದಿರುತ್ತಾನೆ.
ಆ ಮನುಷ್ಯ ಪ್ರಾಮಾಣಿಕನಾಗಿದ್ದರೆ?
ಸುಣ್ಣ ಗಟ್ಟಿಯಿದ್ದರೆ?"

ನನ್ನಲ್ಲಿ ಉತ್ತರವಿರಲಿಲ್ಲ. ಬೂಟಿನೊಳಗೆ ನೀರಿತ್ತು.

ತಿರುಗಿ ಮೊದಲ ಗೋಡೆಗೆ ಬಂದಾಗ ಮಳೆ ನಿಂತಿತ್ತು.
ಗಸಗಸೆ ಬನ್ನು ಎರಡು ಕೊಂಡು ಒಂದು ಕೊಟ್ಟರು.
ತಿನ್ನುತ್ತ ನೋಡಿದೆವು: ವಾರ್ನಿಶ್ ಮೊದಲು ಹೋಯಿತು,
ಆಮೇಲೆ ಹಾಲು.
ಬ್ರೆಡ್ಡಿನ ಕೊನೆಯ ಅಕ್ಷರವೊಂದು
ಸೋರುವ ಕೊಳವೆಯ ಕೆಳಗೆ ಹಟ ಹಿಡಿದು ಉಳಿಯಿತು.

ಟ್ರಾಮ್ ಬಂತು. ಮೆಟ್ಟಿಲ ಮೇಲೊಂದು ಕಾಲಿಟ್ಟು
ಮುಗಿಲಿನ ಬಿರುಕು ನೋಡಿ
ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎನ್ನುವ ದನಿಯಲ್ಲಿ
"ನಾಳೆ ಬಿಸಿಲಂತೆ" ಎಂದರು.