ನಾಲ್ಕನೇ ತೂತು

ಎಸ್‌ಜೆಪಿ ರೋಡಿನ ಹಿಂದಿನ ಓಣಿ,
ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ಎರಡು ಪದರದ ಹಾಳೆ: ಮೇಲೆ ಕಪ್ಪು, ಒಳಗೆ ಬಿಳಿ.
ಬರೆಯುವುದೇನೂ ಇಲ್ಲ ಇಲ್ಲಿ.
ಕಪ್ಪನ್ನು ಕೆರೆದರೆ
ಮೊದಲೇ ಇದ್ದ ಬಿಳಿ ಹೊರಗೆ ಬರುತ್ತದೆ,
ಜನ ಅದನ್ನು ಅಕ್ಷರ ಅನ್ನುತ್ತಾರೆ.

ಯಲಹಂಕದ ಯಾವುದೋ ಅಪಾರ್ಟ್‌ಮೆಂಟಿನ ಸೆಕ್ರೆಟರಿ
ವಾಟ್ಸಾಪಿನಲ್ಲಿ ಅಳತೆ ಕಳಿಸಿದ್ದರು.
ಪಂಪ್ ರೂಮಿಗೆ ಒಂದು ಪ್ಯಾನೆಲ್,
ಹನ್ನೆರಡಿಂಚು ಉದ್ದ, ಆರಿಂಚು ಅಗಲ,
ಮೋಟಾರ್ ಒಂದು, ಮೋಟಾರ್ ಎರಡು, ಮೋಟಾರ್ ಮೂರು,
ಇಂಗ್ಲಿಷಿನಲ್ಲಿ, ಬಿಳಿ ಮೇಲೆ ಕಪ್ಪು, ನೀಟಾಗಿ.
ಕಳೆದ ತಿಂಗಳು ಯಾರೋ ತಪ್ಪು ಸ್ವಿಚ್ ಹಾಕಿ
ನೀರು ಸಿಗದ ಮೋಟಾರು ರಾತ್ರಿಯಿಡೀ ತಿರುಗಿ
ಸುಟ್ಟೇ ಹೋಯಿತಂತೆ.

ಆ ಯಾರೋ
ಮಾರನೇ ದಿನ ತಾನೇ ಬಂದು ನಿಂತ.
ತಿರಕಪ್ಪ, ರಾಣೆಬೆನ್ನೂರ ಕಡೆಯವನು.
ಚಪ್ಪಲಿ ಹೊರಗೆ ಬಿಟ್ಟ, ನಾನು ಬೇಡವೆಂದರೂ.

"ಬಿಳೀದು ಬ್ಯಾಡ್ರಿ. ಅಲ್ಲಿ ಬಲ್ಬಿಲ್ಲ.
ಬಾಯಾಗ ಮೊಬೈಲ್ ಕಚ್ಚಿ ನೋಡ್ತೀನ್ರಿ,
ಟಾರ್ಚ್ ಬಿದ್ದರ ಬಿಳಿ ಹಲಗಿ ಕಣ್ಣಿಗೆ ಹೊಡೀತೈತಿ.
ಕರಿ ಮ್ಯಾಲೆ ಬಿಳಿ ಮಾಡ್ರಿ.
ನಂಬರ್ ಯಾಕ್ರಿ?
ನೀರಿಗೆ ಏನಂತೀವೋ ಅದನ್ನ ಹಾಕ್ರಿ."

ಕಾವೇರಿ. ಬೋರು. ಟ್ಯಾಂಕರು.

ಮೆಷಿನ್ನಿನ ಸಾಫ್ಟ್‌ವೇರಿಗೆ ಕನ್ನಡ ಬಾರದು.
'ಟ್ಯಾ' ಎಂದರೆ ಒಡೆದು ಮೂರು ಕಡೆ ಚೆಲ್ಲಿತು.
ಒತ್ತನ್ನು ನಾನೇ ಗೆರೆಯೆಳೆದು ಕೂಡಿಸಿದೆ,
ಡಬ್ಬಿಯ ಚಿತ್ರಾನ್ನ ಅಷ್ಟರಲ್ಲಿ ತಣ್ಣಗೆ.
ಬಿಟ್ಟು ಒಂದು ಮಿಲಿಮೀಟರಿಗಿಂತ ಸಣ್ಣದು.
'ರು'ವಿನ ಹೊಟ್ಟೆಯೊಳಗಿನ ಕಪ್ಪು ಚೂರು
ಎದ್ದು ಬರದ ಹಾಗೆ ಉಸಿರು ಹಿಡಿಯಬೇಕು,
ಅದು ಹೋದರೆ ಅಕ್ಷರವೇ ಹೋಯಿತು.
ತಿರಕಪ್ಪ ಬಗ್ಗಿ ನೋಡುತ್ತಿದ್ದ,
ತುಟಿ ಮಾತ್ರ ಆಡಿಸುತ್ತ: ಕಾ, ವೇ, ರಿ.

ಹಳೇ ಟೆಂಪ್ಲೇಟಿನ ಗುಂಗಿನಲ್ಲಿ
ನಾಲ್ಕು ತೂತು ಕೊರೆದುಬಿಟ್ಟಿದ್ದೆ.
ಮೂರಕ್ಕೆ ಸ್ವಿಚ್ ಕೂರಿಸಿ ಎದುರಿನಿಂದ ನೋಡಿದೆ:
ಸುತ್ತ ಒಂದು ಬಳೆ, ನಡುವೆ ಒಂದು ಚುಕ್ಕೆ,
ಥೇಟ್ ಠ, ಠ, ಠ.
ಆಮೇಲೊಂದು ಬರೀ ಸೊನ್ನೆ.
ಸೆಕ್ರೆಟರಿಗೆ ಫೋನು ಮಾಡಿದರೆ "ಸ್ಪೇರ್ ಅಂತ ಹಾಕಿ" ಅಂದರು.
ತಿರಕಪ್ಪ ತಲೆಯಾಡಿಸಿದ.
"ಖಾಲಿ ಬಿಡ್ರಿ. ಮುಂದ ಯಾವ ನೀರು ಬರ್ತೈತೋ."

ಏಪ್ರಿಲ್‌ನಲ್ಲಿ ಅವನದೊಂದು ಫೋಟೋ ಬಂತು.
ಬೋರು ಎಂಬಲ್ಲಿ ಉದ್ದಕ್ಕೂ ಕರೀ ಟೇಪು.
ನಾನು ಒಂದು ಮಧ್ಯಾಹ್ನ ಕೂತು ತೆಗೆದ ಕಪ್ಪನ್ನು
ಅವನು ನಾಲ್ಕು ರೂಪಾಯಿಯ ಟೇಪಿನಲ್ಲಿ ವಾಪಸು ಇಟ್ಟಿದ್ದ.
ಫೋನು ಮಾಡಿದೆ. ಹೊಸದು ಕೆತ್ತಿಕೊಡಲೇ, ದುಡ್ಡು ಬೇಡ.
"ಇರ್ಲಿ ಬಿಡ್ರಿ. ಅಡಿಗೆ ಅಕ್ಷರ ಐತಲ್ಲ."

ಇಟ್ಟ ಮೇಲೆ ಫೋಟೋ ದೊಡ್ಡದು ಮಾಡಿ ನೋಡಿದೆ.
ನಾಲ್ಕನೇ ತೂತಿನಲ್ಲಿ ಊದುಬತ್ತಿ,
ಅರ್ಧ ಉರಿದದ್ದು,
ಬೂದಿ ಇನ್ನೂ ಬೀಳದೆ ಬಾಗಿ ನಿಂತಿತ್ತು.
ವೈರಿನ ಹತ್ತಿರ ಬೆಂಕಿ ಬೇಡ ಎಂದು ಟೈಪ್ ಮಾಡಿದೆ.
ಅಳಿಸಿದೆ.