ಲಗ್ನಪತ್ರಿಕೆಯ ಬೆನ್ನಿಗೆ

ಲೆಕ್ಕ ಬರೆಯಲು ನನ್ನಲ್ಲಿ ಪುಸ್ತಕವಿಲ್ಲ.
ಕುದುರೆ ಗೊತ್ತು ಮಾಡಲು ಬಂದವರು ಬಿಟ್ಟುಹೋದ ಪತ್ರಿಕೆಗಳಿವೆ:
ಮುಂದೆ ಗಣಪತಿ, ಅರಿಶಿನ ಹಚ್ಚಿದ ಮೂಲೆ,
ಹಿಂದೆ ಬರೀ ಬಿಳಿ.
ಆ ಬಿಳಿಯಲ್ಲೇ ಸಕ್ರಿಯ ಬಸುರಿನ ಖರ್ಚು.

ಮೊದಲನೆಯದು ನಿಟ್ಟುವಳ್ಳಿ ಕಡೆಯವರದು.
ಹರಿಹರ ರಸ್ತೆಯ ಮುರುಗೇಂದ್ರಪ್ಪನವರ ಗಂಡಿಗೆ ಹದಿನೈದು ಸಾವಿರ.
ಬೂದು ಮೈ, ಒಂದಕ್ಕೊಂದು ಬಾಗಿ ಮುಟ್ಟುವ ಕಿವಿತುದಿ,
ಬೀಗತನಕ್ಕೆ ಅಡ್ಡಿಯಿಲ್ಲ.
‘ಹಿಡೀಲಿಲ್ಲ ಅಂದ್ರ ಇನ್ನೊಂದ್ಸಲ ಪುಕ್ಕಟೆ’ ಅಂದರು.
ಬರೆದುಕೊಡ್ರಿ ಅಂದೆ. ನಕ್ಕರು.
ಹಿಡಿಯಲಿಲ್ಲ.

ಇಪ್ಪತ್ತೊಂದು ದಿನ ಕಾದು
ಬಾಲಕ್ಕೆ ಜೈತೂನಬಿಯ ಹಳೇ ದುಪಟ್ಟಾ ಸುತ್ತಿ
ಮತ್ತೆ ಟೆಂಪೋ ಹತ್ತಿಸಿದೆ.
ಪುಕ್ಕಟೆಯೊಳಗೆ ಟೆಂಪೋ ಬಾಡಿಗೆ ಬರುವುದಿಲ್ಲ,
ಅದು ಎರಡನೇ ಸಾಲು.

ಹದಿನಾರನೇ ದಿನ ಡಾಕ್ಟ್ರಮ್ಮ ಕಲ್ಪನಾ ನಾಯ್ಕ
ಭುಜದ ತನಕ ಪ್ಲಾಸ್ಟಿಕ್ಕಿನ ತೋಳು ತೊಟ್ಟು ಕೈಯಿಟ್ಟು
ಪುಟ್ಟ ಪರದೆಯನ್ನು ನನ್ನ ಕಡೆ ತಿರುಗಿಸಿದರು.
ಬೂದಿಯ ನಡುವೆ ಒಂದು ಕಪ್ಪು ಹನಿ.
‘ಒಂದೇ ಐತೆ, ಒಳ್ಳೇದಾಯ್ತು.
ಎರಡಿದ್ದಿದ್ರೆ ಒಂದನ್ನ ಒಳಗೇ ಚಿವುಟಬೇಕಾಗಿತ್ತು.’
ಆ ಮಾತನ್ನು ಮನೆಗೆ ಒಯ್ಯಲಿಲ್ಲ.
ಜೈತೂನಬಿ ಅವಳಿಯಲ್ಲಿ ಉಳಿದವಳು.

ಆರು ತಿಂಗಳ ತನಕ ಮೆರವಣಿಗೆ ಮಾಡಿಸಿದೆ, ಸುಳ್ಳು ಹೇಳುವುದಿಲ್ಲ.
ದೊಡ್ಡ ಡ್ರಮ್ಮು ಹಿಂದೆ ಇರಲಿ ಎಂದು
ಬ್ಯಾಂಡಿನ ಕೊಟ್ರೇಶಪ್ಪನಿಗೆ ಎರಡು ಸಲ ಚಹಾ ಕುಡಿಸಿದೆ.
ಏಳಕ್ಕೆ ಬಿದ್ದ ದಿನ ಜೀನು ಬಿಚ್ಚಿ ಗೂಟಕ್ಕೆ ಹಾಕಿದೆ.
ಅಲ್ಲಿಂದ ಲೆಕ್ಕ ತಪ್ಪಿತು,
ಬಾರದ ದುಡ್ಡನ್ನು ಯಾವ ಕಡೆ ಬರೆಯುವುದು?
ಇಪ್ಪತ್ತೆರಡು ಮದುವೆ ಬಿಟ್ಟೆ.
ಒಬ್ಬ ಮದುಮಗ ಬುಲೆಟ್ಟಿನ ಮೇಲೆ ಹೋದ.
ಇನ್ನೊಬ್ಬ, ಪೇಟ ಸಮೇತ, ಜೆಸಿಬಿಯ ಬಕೆಟ್ಟಿನಲ್ಲಿ.

ಹುರುಳಿ. ಗೋಧಿ ಬೂಸ. ಖನಿಜದ ಪುಡಿ, ಜಂತಿನ ಔಷಧಿ,
ಧನುರ್ವಾಯುವಿನ ಸೂಜಿ.
ಹಾಸಿಗೆಗೆ ಮಂಡಕ್ಕಿ ಭಟ್ಟಿಯಿಂದ ಭತ್ತದ ಹೊಟ್ಟು,
ಚಮನ್ ದಿನಾ ಸೈಕಲ್ಲಿಗೆ ಚೀಲ ಕಟ್ಟಿ ತರುತ್ತಿದ್ದ.
ಕೊನೇ ತಿಂಗಳಲ್ಲಿ ಡಾಕ್ಟ್ರಮ್ಮ ಕಾಲಿನಿಂದ ಕೆದಕಿ ನೋಡಿ,
‘ಇದು ಬೇಡ, ಎಳೇ ಮೂಗಿಗೆ ಅಂಟ್ತದೆ. ಹುಲ್ಲು ಹಾಸ್ರಿ.’
ಪುಕ್ಕಟೆ ಬಂದದ್ದನ್ನೆಲ್ಲ ಗುಡಿಸಿ
ಕೊಂಡ ಹುಲ್ಲು ಹಾಸಿದೆವು.

ಮೊಲೆತುದಿಗೆ ಮೇಣ ಕಟ್ಟಿದ ಮೂರನೇ ರಾತ್ರಿ,
ಭಟ್ಟಿಗಳ ಹೊಗೆ ಇನ್ನೂ ಆಜಾದ್ ನಗರದ ಮೇಲೆ ಕೂತಿದ್ದಾಗ,
ಸಕ್ರಿ ಮಲಗಿದಳು.
ಬೆವರು. ಒಂದು ಗೊರಸು, ಅದರ ಹಿಂದೆ ಇನ್ನೊಂದು,
ಅವುಗಳ ಮೇಲೆ ಗದ್ದವೂರಿದ ಮೂಗು,
ಭದ್ರಾ ನಾಲೆಗೆ ಹುಡುಗರು ಧುಮುಕುವ ಹಾಗೆ.
ಹನ್ನೊಂದು ತಿಂಗಳು ಕಾಯಿಸಿದ್ದು
ಇಪ್ಪತ್ತು ನಿಮಿಷಕ್ಕೆ ಹುಲ್ಲಿನ ಮೇಲಿತ್ತು.

ಡಾಕ್ಟ್ರಮ್ಮನ ಪಾಠ ನನಗೆ ಬಾಯಿಪಾಠ:
ಒಂದು ತಾಸಿನೊಳಗೆ ನಿಲ್ಲಬೇಕು,
ಎರಡರೊಳಗೆ ಗಿಣ್ಣುಹಾಲು, ಮೂರರೊಳಗೆ ಮಾಸು ಬೀಳಬೇಕು.
ನಿಂತಿತು, ಬಿತ್ತು, ನಿಂತಿತು.
ತಾಯಿಯ ಬದಲು ಗೋಡೆಯನ್ನು ಚೀಪಿತು.
ಜೈತೂನಬಿ ಸೊಂಟ ಹಿಡಿದು ತಿರುಗಿಸಿದಳು.
ಮಾಸನ್ನು ಬುಟ್ಟಿಯಲ್ಲಿ ಹರಡಿ, ಹರಿದು ಉಳಿದಿದೆಯೇ ಎಂದು
ಟಾರ್ಚು ಹಿಡಿದು ನೋಡಿದೆವು.
ಇಡಿಯಾಗಿತ್ತು.

ಆಮೇಲೆ ಚಮನ್ ಲೈಟು ಹಾಕಿದ.
ಕಪ್ಪು.
ಬಾಣಲೆಯ ತಳದಂಥ ಕಪ್ಪು.
‘ಕರೇ ಕುದುರಿ ಮ್ಯಾಲೆ ಯಾವ ಮದುಮಗ ಕೂಡ್ತಾನ, ಚಾಚಾ?’
ಫೋನಿನಲ್ಲಿ ಡಾಕ್ಟ್ರಮ್ಮ ನಕ್ಕರು:
‘ಬೂದು ಜಾತಿ ಹುಟ್ಟೋದೇ ಹಂಗೆ. ಬೆಳ್ಳಗಾಗ್ತದೆ.
ಏಳೋ ಎಂಟೋ ವರ್ಷ.’

ಕೂಡಿಸಿ ನೋಡಿದರೆ
ದುಡಿಯುವ ಬಿಳಿ ಕುದುರೆಯೊಂದು ಬಂದು
ಚೂರು ಮಿಗುತ್ತಿತ್ತು. ಅದಕ್ಕೇ ಕೂಡಿಸಿಲ್ಲ.

ನಿನ್ನೆ ಒಬ್ಬರು ಮುಂದಿನ ಮಾಘದ ಮದುವೆಗೆ
ಸಕ್ರಿಯನ್ನು ಕೇಳಲು ಬಂದರು.
‘ಆ ಕರೇದು ಯಾರದು?’
ನಮ್ಮದೇ ರೀ, ಇನ್ನೂ ಬೆಳ್ಳಗಾಗ್ಬೇಕು.
ಅವರು ಮರಿಯನ್ನೊಮ್ಮೆ, ನನ್ನ ಗಡ್ಡವನ್ನೊಮ್ಮೆ ನೋಡಿ
ಏನೂ ಅನ್ನದೆ ಅಡ್ವಾನ್ಸು ಎಣಿಸಿದರು.