ಮೊದಲು ಮಣ್ಣಿಗೆ

ಇಂಡಿ ಸ್ಟೇಷನ್ನು. ಬೆಳಗಿನ ಆರು.
ಬ್ರೇಕರ್ ತೆಗೆದು ಬೀಗ ಜಡಿದಾಗಿತ್ತು,
ಕೀಲಿ ನನ್ನ ಕಿಸೆಯಲ್ಲಿ.
“ಸತ್ತದ ಅಂತ ಯಾರಂದ್ರು?”
ಲಾಡ್ಲೇಸಾಬ ಟೆಸ್ಟರ್ ಕೋಲನ್ನು ಮೊದಲು
ಜೀವವಿದ್ದ ಬದಿಗೆ ಹಿಡಿದ. ಕೂಗಿತು.
ನಮ್ಮ ಲೈನಿಗೆ ಹಿಡಿದ. ಸುಮ್ಮನಿತ್ತು.
ಮತ್ತೆ ಆ ಬದಿಗೆ. ಕೂಗಿತು.
“ಮಾತು ಬರಾವ ಸುಮ್ನಿದ್ರಷ್ಟ ನಂಬಬೇಕ್ರಿ, ಮೇಡಂ.”

ಆಮೇಲೆ ಕ್ಲ್ಯಾಂಪು: ಮೊದಲು ಮಣ್ಣಿಗೆ, ಬಳಿಕ ತಂತಿಗೆ.
ತಾಗುತ್ತಲೇ ಚಿಟ್ಟೆಂದು ಒಂದು ಕಿಡಿ,
ಪಕ್ಕದ ಲೈನು ದೂರದಿಂದಲೇ ತುಂಬಿಟ್ಟಿದ್ದ ಸಿಟ್ಟು.
ನಾನು ಸರಿದೆ. ಅವನು ಎರಡನೆಯದನ್ನು ಎತ್ತಿಕೊಂಡ.

ಸಂಜೆ ಬಿಚ್ಚುವಾಗ ತಂತಿ ಮೊದಲು, ಮಣ್ಣು ಕೊನೆಗೆ.
ಹಾಕಿದ್ದು ಮೂರು, ತೆಗೆದದ್ದು ಮೂರು,
ಎಣಿಸಿ ಸಹಿ ಮಾಡಿದೆ.
ಬಿರಿದ ಎರಿಮಣ್ಣಿನ ಅರ್ತಿಂಗ್ ಗುಂಡಿಗೆ
ಕುಡಿದುಳಿದ ನೀರು ಸುರಿದು ಅವನು
“ಆಕೀಗೂ ನೀರಡಿಸಿರತದ” ಅಂದ, ಕೈ ಚಾಚಿದ.
ಕೀಲಿ ನನ್ನ ಮೈಯಷ್ಟೇ ಬೆಚ್ಚಗಿತ್ತು.